ಮಾರುವವನೂ ಎಚ್ಚರವಾಗಿರಲಿ

ಪೇಟೆಯಲ್ಲಿ ಮೋಸಹೋಗುವವನು ಕೊಳ್ಳುವವನು, ಮೋಸಮಾಡುವವನು ಮಾರುವವನು ಎಂಬುದು ನಮ್ಮ ಜನರಲ್ಲಿ ತಲೆತಲಾಂತರದಿಂದ ಬಂದ ತಿಳುವಳಿಕೆ. ತೂಕದಲ್ಲಿ ಕಡಿತ, ಹಾಲಿಗೆ ನೀರು, ಹಳೆಯ ಸರಕಿಗೆ ಹೊಸ ಬಣ್ಣ, ಇವೆಲ್ಲ ಅಂಗಡಿಯವನ ಲೆಕ್ಕಕ್ಕೆ ಸೇರಿದ ದೋಷಗಳು. ಮಾರುವವನ ವಸ್ತು ಅವನ ಕೈಯಲ್ಲೇ ಇದೆ. ಹಣ ಎಣಿಸಿಕೊಂಡ ಮೇಲೆ ಕೊಟ್ಟರಾಯಿತು. ಅವನಿಗೆ ಯಾವ ಭಯ ಎಂಬುದು ಲೋಕದ ಮಾತು. ಆದರೆ ಮೊಬೈಲಿನ ಮೂಲಕ ನಡೆಯುವ ಇಂದಿನ ವ್ಯಾಪಾರವು ಈ ಮಾತನ್ನು ತಲೆಕೆಳಗು ಮಾಡಿದೆ. ಈಗ ವಸ್ತುವನ್ನು ಮನೆಯಲ್ಲೇ ಇಟ್ಟುಕೊಂಡು ಕುಳಿತ ಮಾರಾಟಗಾರನ ಬ್ಯಾಂಕಿನ ಖಾತೆಯನ್ನು, ಸಾವಿರ ಮೈಲು ದೂರದಲ್ಲಿರುವ ಸುಳ್ಳು ಗಿರಾಕಿಯೊಬ್ಬನು ಐದು ನಿಮಿಷಗಳಲ್ಲಿ ಬರಿದುಮಾಡಬಲ್ಲನು. ವಸ್ತು ಉಳಿಯುತ್ತದೆ, ಹಣ ಹೋಗುತ್ತದೆ! ಇಂಥ ವಿಚಿತ್ರ ಕಳವನ್ನು ನಮ್ಮ ಹಿರಿಯರು ಕಂಡಿರಲಿಲ್ಲ.

ಕಾರ್ಮಿಕರ ಪತ್ರಿಕೆಗೆ ಈ ವಿಷಯವೇಕೆ ಎಂದು ಯಾರಾದರೂ ಕೇಳಬಹುದು. ಕಾಂದಿವಲಿಯ ಆಕುರ್ಲಿ ರಸ್ತೆಯಿಂದ ಚಾರ್‌ಕೋಪದವರೆಗೆ, ಪೊಯ್ಸರದ ಚಾಳುಗಳಲ್ಲಿ, ಹೋಟೆಲು ಕ್ಯಾಂಟೀನುಗಳ ಹಿಂದಿನ ಖೋಲಿಗಳಲ್ಲಿ ಬಾಳುತ್ತಿರುವ ನಮ್ಮ ಬಂಧುಗಳಲ್ಲಿ ಹೆಚ್ಚಿನವರಿಗೆ ದೊಡ್ಡ ಬ್ಯಾಂಕ್ ಠೇವಣಿಯಿಲ್ಲ, ಶೇರುಗಳಿಲ್ಲ. ಪಗಾರದಲ್ಲಿ ಉಳಿದದ್ದು ವಸ್ತುವಾಗಿ ಮನೆಯೊಳಗೆ ಬಂದಿರುತ್ತದೆ. ಹೆಂಡತಿಯ ಕೊರಳಿನ ಎರಡೆಳೆ ಸರ, ಕಂತಿನಲ್ಲಿ ಕೊಂಡ ಮೋಟಾರ್ ಸೈಕಲು, ಹೊಲಿಗೆ ಯಂತ್ರ, ಮಗನ ಓದಿಗೆಂದು ತಂದ ಲ್ಯಾಪ್‌ಟಾಪು, ಇವೇ ನಮ್ಮ ಉಳಿತಾಯ. ಇವುಗಳನ್ನು ಮಾರುವ ಸಂದರ್ಭವಾದರೂ ಎಂಥದು? ಜೂನ್ ತಿಂಗಳಲ್ಲಿ ಶಾಲೆಯ ಫೀ ಕಟ್ಟಬೇಕು, ಆಸ್ಪತ್ರೆಯ ಬಿಲ್ಲು ಬಂದಿದೆ, ಖೋಲಿಯ ಡಿಪಾಜಿಟ್ಟು ಹೆಚ್ಚಿದೆ, ಕೆಲಸ ಹೋಗಿ ಊರಿಗೆ ಮರಳಬೇಕಾಗಿದೆ. ಶ್ರೀಮಂತನು ಬೇಡವಾದುದನ್ನು ಮಾರುತ್ತಾನೆ. ದುಡಿಯುವವನು ಬೇಕಾದುದನ್ನೇ ಮಾರುತ್ತಾನೆ. ಅವನಿಗೆ ಅವಸರವಿದೆ. ಅವಸರದಲ್ಲಿರುವವನನ್ನು ಹುಡುಕಿ ಹಿಡಿಯುವುದೇ ಕಳ್ಳ ಗಿರಾಕಿಯ ಕಸುಬು. ಆದುದರಿಂದ ಇದು ನಮ್ಮ ವಿಷಯವೇ ಆಗಿದೆ.

ಮೋಸದ ನಡೆ ಸಾಮಾನ್ಯವಾಗಿ ಹೀಗಿರುತ್ತದೆ. ಹಳೆಯ ವಸ್ತುಗಳನ್ನು ಮಾರುವ ಆಪಿನಲ್ಲಿ ನಮ್ಮವರು ಒಂದು ಫೋಟೋ, ಬೆಲೆ, ಫೋನ್ ನಂಬರು ಹಾಕುತ್ತಾರೆ. ಅರ್ಧ ಗಂಟೆಯೊಳಗೆ ಕರೆ ಬರುತ್ತದೆ. ಗಿರಾಕಿ ಸಭ್ಯವಾದ ಹಿಂದಿಯಲ್ಲಿ ಮಾತನಾಡುತ್ತಾನೆ. ಬೆಲೆಯಲ್ಲಿ ಚೌಕಾಸಿಯಿಲ್ಲ, ವಸ್ತುವನ್ನು ನೋಡಬೇಕೆಂಬ ಆಸೆಯೂ ಇಲ್ಲ. 'ಹಣವನ್ನು ಈಗಲೇ ಕಳುಹಿಸುತ್ತೇನೆ, ವಸ್ತುವನ್ನು ಒಯ್ಯಲು ನಾಳೆ ಟೆಂಪೋ ಬರುತ್ತದೆ' ಎನ್ನುತ್ತಾನೆ. ಬಳಿಕ ಒಂದು ಕ್ಯೂಆರ್ ಚೌಕವನ್ನು ಕಳುಹಿಸಿ, 'ಇದನ್ನು ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಒತ್ತಿರಿ, ಹಣ ನಿಮಗೆ ಜಮೆಯಾಗುತ್ತದೆ' ಎನ್ನುತ್ತಾನೆ. ಸಂಶಯಪಟ್ಟರೆ ಮೊದಲು ಐದು ರೂಪಾಯಿಯಿಂದ ಪರೀಕ್ಷೆ ನಡೆಸುತ್ತಾನೆ. ಮಾರುವವನ ಖಾತೆಯಿಂದ ಐದು ರೂಪಾಯಿ ಹೋದೊಡನೆ ತಾನೇ ಹತ್ತು ರೂಪಾಯಿ ಕಳುಹಿಸಿ ನಂಬಿಕೆ ಹುಟ್ಟಿಸುತ್ತಾನೆ. ಎರಡನೆಯ ಸಲ ಹತ್ತು ಸಾವಿರದ ಚೌಕ ಬರುತ್ತದೆ. ಪಿನ್ ಒತ್ತಿದೊಡನೆ ಹತ್ತು ಸಾವಿರ ಹೊರಟುಹೋಗುತ್ತದೆ. 'ಅಯ್ಯೋ ತಪ್ಪಾಯಿತು, ಅದನ್ನು ಹಿಂತಿರುಗಿಸುತ್ತೇನೆ, ಇನ್ನೊಮ್ಮೆ ಒತ್ತಿರಿ' ಎಂದು ಮೂರನೆಯ ಚೌಕವೂ ಬರುತ್ತದೆ. ಕಳೆದುದನ್ನು ಪಡೆಯುವ ಆತುರದಲ್ಲಿ ಉಳಿದುದನ್ನೂ ಕಳೆದುಕೊಳ್ಳುವವರುಂಟು.

ಇಲ್ಲಿ ಯಂತ್ರದ ಕೆಲಸವನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಅಪಾಯ ದೂರವಾಗುತ್ತದೆ. 2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯಲ್ಲಿ ಪಿನ್ ಎಂಬುದು ನಮ್ಮ ಖಾತೆಯಿಂದ ಹಣ ಹೊರಗೆ ಹೋಗಲು ನಾವು ಹಾಕುವ ರುಜು. ಚೆಕ್ಕಿಗೆ ಸಹಿ ಹೇಗೋ ಇದೂ ಹಾಗೆಯೇ. ಹಣ ಪಡೆಯುವವನು ಚೆಕ್ಕಿಗೆ ಸಹಿ ಹಾಕಿ ಕೊಡುವುದುಂಟೆ? ಹಣ ಒಳಗೆ ಬರಲು ಪಿನ್ ಬೇಡ, ಬೆರಳಚ್ಚು ಬೇಡ, ಒ.ಟಿ.ಪಿ. ಬೇಡ, ಸ್ಕ್ಯಾನೂ ಬೇಡ. ನಮ್ಮ ನಂಬರನ್ನು ಹೇಳಿದರೆ ಅಥವಾ ನಮ್ಮ ಚೌಕವನ್ನು ಅವನಿಗೆ ತೋರಿಸಿದರೆ ಸಾಕು. ತರಕಾರಿ ಗಾಡಿಯ ಹತ್ತಿರ ನಾವು ದಿನವೂ ಕಾಣುವುದು ಇದನ್ನೇ: ಚೌಕವನ್ನು ತೋರಿಸುವವನು ಹಣ ಪಡೆಯುತ್ತಾನೆ, ಸ್ಕ್ಯಾನ್ ಮಾಡುವವನು ಹಣ ಕೊಡುತ್ತಾನೆ. ಕೊಳ್ಳುವವನು ತಾನೇ ಚೌಕವನ್ನು ಕಳುಹಿಸಿದನೆಂದರೆ ಅವನು ಕಳ್ಳನೆಂದು ತಿಳಿದು ಫೋನ್ ಇಟ್ಟುಬಿಡಬೇಕು. ವಾದ ಬೇಡ, ವಿವರಣೆ ಕೇಳುವುದೂ ಬೇಡ.

ಈ ಮೋಸಕ್ಕೆ ಇನ್ನೊಂದು ದಾರಿಯಿತ್ತು. ಹಣ ಕಳುಹಿಸುವ ಬದಲು ಹಣ ಕೇಳುವ ಕೋರಿಕೆಯನ್ನು ಕಳ್ಳನು ಕಳುಹಿಸುತ್ತಿದ್ದ. ಅದನ್ನು ಓದದೆ ಒಪ್ಪಿಗೆ ಒತ್ತಿದವರು ಹಣ ಕಳೆದುಕೊಳ್ಳುತ್ತಿದ್ದರು. ಬಹಳ ಜನರಿಗೆ ನಷ್ಟವಾದ ಮೇಲೆ, ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಬ್ಯಾಂಕುಗಳಿಗೂ ಆಪುಗಳಿಗೂ ತಿಳಿಸಿತು. ಇದು ಒಳ್ಳೆಯ ಕ್ರಮ, ಸ್ವಾಗತಿಸುತ್ತೇವೆ. ಆದರೆ ಅಂಗಡಿ ಕಂಪೆನಿಗಳು ಕಳುಹಿಸುವ ಕೋರಿಕೆಗಳು ಆಗ ಉಳಿದಿದ್ದುವು, ಕ್ಯೂಆರ್ ಚೌಕವಂತೂ ಉಳಿದೇ ಇದೆ. ಒಂದು ಬಾಗಿಲು ಮುಚ್ಚಿದರೆ ಕಳ್ಳನು ಕಿಟಕಿಯನ್ನು ಹುಡುಕುತ್ತಾನೆ. ಬಾಗಿಲು ಬದಲಾದರೂ ಪಿನ್ನಿನ ನಿಯಮ ಬದಲಾಗದು. ಅದನ್ನು ನೆನಪಿಟ್ಟರೆ ಸಾಕು.

ಇಂಥ ಗಿರಾಕಿಗಳು ಹೆಚ್ಚಾಗಿ ತೊಡುವ ವೇಷ ಸೈನಿಕನದು. 'ನಾನು ಸೈನ್ಯದಲ್ಲಿದ್ದೇನೆ, ಗಡಿಗೆ ವರ್ಗವಾಗಿದೆ, ವಸ್ತುವನ್ನು ನೋಡಲು ಬರಲಾರೆ' ಎಂದು ಹೇಳಿ, ಸಮವಸ್ತ್ರದ ಫೋಟೋ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡುಗಳನ್ನು ಕಳುಹಿಸುತ್ತಾರೆ. ರಿಜರ್ವ್ ಬ್ಯಾಂಕು 2022ರ ಮಾರ್ಚಿಯಲ್ಲಿ ಪ್ರಕಟಿಸಿದ ಎಚ್ಚರಿಕೆಯ ಪುಸ್ತಿಕೆಯಲ್ಲಿ ಈ ವೇಷವನ್ನು ಸ್ಪಷ್ಟವಾಗಿ ವರ್ಣಿಸಿದೆ. ಸೈನ್ಯದ ಮೇಲೆ ನಮ್ಮ ಜನರಿಗಿರುವ ಗೌರವವನ್ನೇ ಬಂಡವಾಳ ಮಾಡಿಕೊಂಡ ನೀಚತನವಿದು. ಚೀಟಿಯ ಫೋಟೋ ಯಾರದೋ, ಫೋನ್ ಇನ್ನಾರದೋ. 2023ರ ಏಪ್ರಿಲ್ ಕೊನೆಗೆ ಹರಿಯಾಣದ ಪೋಲೀಸರು ನೂಹ್ ಜಿಲ್ಲೆಯ 14 ಹಳ್ಳಿಗಳ ಮೇಲೆ ಒಂದೇ ಸಲ ದಾಳಿಯಿಟ್ಟಾಗ ನಕಲಿ ಸಿಮ್ ಕಾರ್ಡುಗಳೂ ನಕಲಿ ಆಧಾರ್ ಕಾರ್ಡುಗಳೂ ಸಿಕ್ಕಿದ್ದುವು. ಗುರುತಿನ ಚೀಟಿಯನ್ನು ತಾನಾಗಿ ತೋರಿಸಲು ಅವಸರಪಡುವ ಗಿರಾಕಿಯನ್ನೇ ಹೆಚ್ಚು ಸಂಶಯಿಸಬೇಕಾದ ಕಾಲ ಬಂದಿದೆ.

ಓದುಬರಹ ಕಡಿಮೆಯಿದ್ದವರು ಮಾತ್ರ ಹೀಗೆ ಮೋಸಹೋಗುತ್ತಾರೆ ಎಂದು ತಿಳಿಯಬಾರದು. 2021ರ ಫೆಬ್ರವರಿಯಲ್ಲಿ, ದೆಹಲಿಯ ಅಂದಿನ ಮುಖ್ಯಮಂತ್ರಿಗಳ ಕುಟುಂಬದವರೊಬ್ಬರೇ ಹಳೆಯ ಸೋಫಾವೊಂದನ್ನು ಮಾರಲು ಹೋಗಿ, ಇದೇ ಕ್ಯೂಆರ್ ಚೌಕದ ಉಪಾಯಕ್ಕೆ ಸಿಕ್ಕಿ 34,000 ರೂಪಾಯಿ ಕಳೆದುಕೊಂಡರೆಂಬುದು ದೇಶಕ್ಕೆಲ್ಲ ಗೊತ್ತಾಯಿತು. ಸುಶಿಕ್ಷಿತರ ಮನೆಯಲ್ಲೇ ಹೀಗಾದ ಮೇಲೆ ಹನ್ನೆರಡು ತಾಸು ಒಲೆಯ ಮುಂದೆ ನಿಂತು ಬಂದ ಹೋಟೆಲು ಕಾರ್ಮಿಕನು ರಾತ್ರಿ ಹನ್ನೊಂದಕ್ಕೆ ಬಂದ ಕರೆಗೆ ಮರುಳಾದರೆ ಅವನನ್ನು ದಡ್ಡನೆಂದು ನಗುವ ಹಕ್ಕು ಯಾರಿಗೂ ಇಲ್ಲ.

ಬೇರೆ ಕೆಲವು ಉಪಾಯಗಳನ್ನೂ ತಿಳಿದಿರಬೇಕು. ಹಣ ಕಳುಹಿಸಿದ್ದೇನೆಂದು ಸುಳ್ಳು ಚಿತ್ರವೊಂದನ್ನು ತೋರಿಸುವುದು; ಬ್ಯಾಂಕಿನಿಂದ ಬಂದಂತೆ ಕಾಣುವ ಸಂದೇಶವನ್ನು ತಾವೇ ಕಳುಹಿಸುವುದು; 'ಎರಡು ಸಾವಿರದ ಬದಲು ಇಪ್ಪತ್ತು ಸಾವಿರ ಹೋಯಿತು, ಹೆಚ್ಚಿನದನ್ನು ಹಿಂತಿರುಗಿಸಿ' ಎಂದು ಅಳುವುದು; ಸಹಾಯ ಮಾಡುವ ನೆಪದಲ್ಲಿ ನಮ್ಮ ಫೋನಿನ ಪರದೆ ಅವರಿಗೆ ಕಾಣುವಂತಹ ಆಪನ್ನು ಹಾಕಿಸುವುದು. ಇವುಗಳಿಗೆಲ್ಲ ಮದ್ದು ಒಂದೇ. ಗಿರಾಕಿ ತೋರಿಸಿದುದನ್ನು ನಂಬದೆ, ನಮ್ಮ ಬ್ಯಾಂಕಿನ ಖಾತೆಯನ್ನು ನಾವೇ ತೆರೆದು ಶಿಲ್ಕು ನೋಡಬೇಕು. ಅಲ್ಲಿ ಹಣ ಕಂಡರೆ ಬಂದಿದೆ, ಕಾಣದಿದ್ದರೆ ಬಂದಿಲ್ಲ. ಚೆಕ್ಕು ಕೊಟ್ಟರೆ ಅದು ಪಾಸಾಗಿ ಖಾತೆಗೆ ಸೇರುವ ತನಕ ವಸ್ತುವನ್ನು ಮನೆಯಿಂದ ಹೊರಡಿಸಬಾರದು.

ಎದುರಿಗೇ ಬಂದು ಕೊಳ್ಳುವ ಗಿರಾಕಿಯಿಂದಲೂ ತೊಂದರೆಯುಂಟು. ಮುಖ್ಯವಾಗಿ ಮೋಟಾರ್ ಸೈಕಲು, ರಿಕ್ಷಾ, ಟ್ಯಾಕ್ಸಿ ಮಾರುವವರು ಇದನ್ನು ಲಕ್ಷ್ಯವಿಟ್ಟು ಓದಬೇಕು. ಓಡಿಸಿ ನೋಡುತ್ತೇನೆಂದು ಹೊರಟವನು ತಿರುಗಿ ಬಾರದಿರುವುದು ಒಂದು ಬಗೆ; ಅವನ ಹಿಂದೆ ನಮ್ಮವನೊಬ್ಬ ಕುಳಿತುಕೊಳ್ಳಲಿ. ಇದಕ್ಕಿಂತ ದೊಡ್ಡ ಅಪಾಯ ನಿಧಾನವಾಗಿ ಬರುತ್ತದೆ. ಗಿರಾಕಿ ಪೂರ್ತಿ ಹಣ ಕೊಡುತ್ತಾನೆ, ಖಾಲಿ ಫಾರಮುಗಳ ಮೇಲೆ ಸಹಿ ಪಡೆಯುತ್ತಾನೆ, 'ಹೆಸರು ಬದಲಾವಣೆ ನಾನೇ ಮಾಡಿಸಿಕೊಳ್ಳುತ್ತೇನೆ' ಎಂದು ಗಾಡಿಯನ್ನು ಒಯ್ಯುತ್ತಾನೆ. ಮತ್ತೆ ಆ ಕೆಲಸವನ್ನೇ ಮಾಡುವುದಿಲ್ಲ. ಗಾಡಿ ಅಪಘಾತವೆಸಗಿದಾಗ ನೋಟೀಸು ಬರುವುದು ದಾಖಲೆಯಲ್ಲಿ ಹೆಸರಿದ್ದವನಿಗೆ. ಗಾಡಿ ಹಲವು ಕೈ ದಾಟಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತದ ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಮೋಟಾರು ವಾಹನ ಕಾಯಿದೆಯ 50ನೆಯ ಕಲಮು, ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸುವ ಕರ್ತವ್ಯವನ್ನು ಮಾರುವವನ ಮೇಲೆಯೇ ಹೊರಿಸಿದೆ. ಆದುದರಿಂದ 29 ಮತ್ತು 30ನೆಯ ನಮೂನೆಗಳಲ್ಲಿ ಕೊಳ್ಳುವವನ ಹೆಸರು, ವಿಳಾಸ, ತಾರೀಖು ಎಲ್ಲವನ್ನೂ ತುಂಬಿಸಿದ ನಂತರವೇ ಸಹಿ ಹಾಕಬೇಕು. ದಾಖಲೆಯಲ್ಲಿ ಹೆಸರು ಬದಲಾಯಿತೇ ಎಂದು ಸ್ವತಃ ವಿಚಾರಿಸಿ ನೋಡಬೇಕು.

ಬಂಗಾರದ ಮಾತು ಬೇರೆ. ಬಂಗಾರವನ್ನು ಅಪರಿಚಿತರಿಗೆ ಫೋನಿನ ಮೂಲಕ ಮಾರಲೇಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮನೆಯಲ್ಲಿ ಬಂಗಾರವಿದೆಯೆಂದು ಫೋಟೋ ಹಾಕಿ ಊರಿಗೆ ಸಾರಿದರೆ, ಬರುವವರೆಲ್ಲ ಕೊಳ್ಳಲಿಕ್ಕೇ ಬರುತ್ತಾರೆಂಬ ಭರವಸೆಯೇನು? ಬಂಗಾರಕ್ಕೆ ದಿನದ ದರವಿದೆ. ಹೆಸರುವಾಸಿಯಾದ ನಾಲ್ಕು ಅಂಗಡಿಗಳಲ್ಲಿ ವಿಚಾರಿಸಬಹುದು. ಪರಿಶುದ್ಧತೆಯ ಬಗ್ಗೆ ಅಂಗಡಿಯವನ ಮಾತನ್ನೇ ನಂಬಬೇಕಾಗಿಲ್ಲ. 2023ರ ಏಪ್ರಿಲ್ 1ರಿಂದ ಅಂಗಡಿಗಳು ಮಾರುವ ಹಾಲ್‌ಮಾರ್ಕ್ ಆಭರಣಗಳ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಕಡ್ಡಾಯವಾಗಿದೆ. ಆ ಗುರುತಿಲ್ಲದ ಹಳೆಯ ಒಡವೆಯನ್ನೂ ಭಾರತೀಯ ಮಾನಕ ಬ್ಯೂರೋ ಮಾನ್ಯಮಾಡಿದ ಪರೀಕ್ಷಾ ಕೇಂದ್ರದಲ್ಲಿ ತೋರಿಸಿ ವರದಿ ಪಡೆಯಬಹುದು. 2022ರಲ್ಲಿ ಬ್ಯೂರೋ ಗೊತ್ತುಪಡಿಸಿದ ಶುಲ್ಕ ನಾಲ್ಕು ಒಡವೆಗಳವರೆಗೆ 200 ರೂಪಾಯಿ. ಈ ಸಣ್ಣ ಖರ್ಚಿಗೆ ಹಿಂಜರಿದು ಸಾವಿರಗಟ್ಟಲೆ ಕಳೆದುಕೊಳ್ಳಬಾರದು. ತೂಕವನ್ನು ಮನೆಯಿಂದ ಹೊರಡುವ ಮೊದಲೇ ಬರೆದಿಟ್ಟುಕೊಳ್ಳಲಿ, ಅಂಗಡಿಯ ರಶೀದಿಯಿಲ್ಲದೆ ಒಡವೆಯನ್ನು ಕೈಬಿಡದಿರಲಿ.

ಮೊಬೈಲು, ಲ್ಯಾಪ್‌ಟಾಪು ಮಾರುವವರು ಸಿಮ್ ಕಾರ್ಡು ತೆಗೆದು, ಒಳಗಿರುವ ಬ್ಯಾಂಕಿನ ಆಪುಗಳನ್ನೂ ಫೋಟೋಗಳನ್ನೂ ಪೂರ್ತಿ ಅಳಿಸಿಯೇ ಕೊಡಬೇಕು. ಕೊಂಡವನ ಹೆಸರು, ತಾರೀಖು, ಫೋನಿನ ಐ.ಎಂ.ಇ.ಐ. ಅಂಕಿಯನ್ನು ಬರೆದ ಚೀಟಿಗೆ ಸಹಿ ಪಡೆದುಕೊಳ್ಳಬೇಕು. ನಾಳೆ ಆ ಫೋನು ಯಾವುದೋ ಅಪರಾಧದಲ್ಲಿ ಸಿಕ್ಕಿದರೆ, ಅದು ಇಂಥ ದಿನ ನಮ್ಮ ಕೈಬಿಟ್ಟಿತೆಂದು ಹೇಳಲು ಆ ಚೀಟಿಯೇ ಸಾಕ್ಷಿ. ಇನ್ನೊಂದು ಸೂಕ್ಷ್ಮವೂ ಇದೆ. ಎದುರಿಗೆ ನಿಂತ ಗಿರಾಕಿ ಒಬ್ಬ, ಖಾತೆಗೆ ಹಣ ಹಾಕುವವನ ಹೆಸರು ಇನ್ನೊಂದು ಎಂದಾದರೆ ಆ ವ್ಯಾಪಾರ ಬೇಡ. ಬೇರೆಯವರಿಂದ ಕದ್ದ ಹಣ ಹೀಗೆ ನಮ್ಮ ಖಾತೆಗೆ ಬಂದರೆ, ಪೋಲೀಸರ ಸೂಚನೆಯಂತೆ ಬ್ಯಾಂಕು ಆ ಹಣವನ್ನು, ಕೆಲವೊಮ್ಮೆ ಇಡೀ ಖಾತೆಯನ್ನೇ ತಡೆಹಿಡಿಯುತ್ತದೆ. ಪ್ರಾಮಾಣಿಕನಾಗಿ ಮಾರಿದವನು ಪಗಾರ ತೆಗೆಯಲಾರದೆ ಠಾಣೆಗೂ ಬ್ಯಾಂಕಿಗೂ ಅಲೆಯಬೇಕಾಗುತ್ತದೆ.

ಹಾಗಾದರೆ ಮಾರುವುದು ಹೇಗೆ? ಹಿಂದಿನವರ ಪದ್ಧತಿಯೇ ಸರಿ: ಈ ಕೈಯಲ್ಲಿ ಹಣ, ಆ ಕೈಯಲ್ಲಿ ವಸ್ತು, ನಡುವೆ ನಾಲ್ಕು ಜನರ ಕಣ್ಣು. ಗಿರಾಕಿ ಎದುರಿಗೆ ಬರಲಿ, ಹಗಲು ಹೊತ್ತಿನಲ್ಲಿ ಬರಲಿ. ಒಂಟಿ ಹೆಂಗಸರಿರುವ ಮನೆಗೆ ಅವನನ್ನು ಕರೆಯದೆ, ಆಕುರ್ಲಿ ಅಥವಾ ಪೊಯ್ಸರ ಮೆಟ್ರೋ ನಿಲ್ದಾಣದಂತಹ ಜನಸಂಚಾರವಿದ್ದ ಕಡೆ, ಇಲ್ಲವೆ ಬ್ಯಾಂಕಿನ ಬಾಗಿಲಲ್ಲಿ ಭೇಟಿಯಾಗಲಿ. ಮಾರಲು ಹೋಗುವವನು ಒಬ್ಬನೇ ಹೋಗದಿರಲಿ. ಕಳ್ಳನು ಹೂಡುವ ಎರಡು ಬಂಡವಾಳಗಳೆಂದರೆ ನಮ್ಮ ಅವಸರ ಮತ್ತು ನಮ್ಮ ಒಂಟಿತನ. 'ಈಗಲೇ ಒತ್ತಿರಿ, ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ' ಎಂದು ಅವನು ಸಾರಿ ಸಾರಿ ಹೇಳುವುದು ಇದಕ್ಕಾಗಿಯೇ. ಪಕ್ಕದ ಖೋಲಿಯವನನ್ನು ಕರೆದು ಎರಡು ನಿಮಿಷ ಮಾತನಾಡಿದರೆ ಅವನ ಆಟ ಮುಗಿಯಿತು.

ಇಷ್ಟಾದರೂ ಮೋಸ ನಡೆದುಹೋದರೆ ಅಳುತ್ತ ಕೂರುವ ಸಮಯವಲ್ಲ ಅದು. ಕೂಡಲೇ 1930 ನಂಬರಿಗೆ ಫೋನ್ ಮಾಡಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗನೆ ಓಡುತ್ತಿರುತ್ತದೆ. ದೂರು ಬೇಗ ಮುಟ್ಟಿದರೆ ಯಾವುದಾದರೊಂದು ಬ್ಯಾಂಕಿನಲ್ಲಿ ಅದನ್ನು ತಡೆಯಲು ಸಾಧ್ಯ. ಮೊದಲ ಗಂಟೆಯ ಬೆಲೆ ಮರುದಿನಕ್ಕಿಲ್ಲ. ನಮ್ಮ ಬ್ಯಾಂಕಿಗೂ ಅದೇ ಹೊತ್ತಿಗೆ ತಿಳಿಸಿ, ದೂರಿನ ನಂಬರನ್ನು ಪಡೆದುಕೊಳ್ಳಬೇಕು. ರಿಜರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗಿರಾಕಿಯ ಸ್ವಂತ ಅಜಾಗ್ರತೆಯಿಂದ ಆದ ನಷ್ಟ ಬ್ಯಾಂಕಿಗೆ ತಿಳಿಸುವ ತನಕ ಅವನದು. ತಿಳಿಸಿದ ನಂತರ ಆದ ನಷ್ಟ ಬ್ಯಾಂಕಿನದು. ತಿಳಿಸುವುದರಲ್ಲಿ ತಡ ಮಾಡಬಾರದೆಂಬುದಕ್ಕೆ ಇದಕ್ಕಿಂತ ಕಾರಣ ಬೇಕೆ? ಕೇಂದ್ರ ಗೃಹಖಾತೆಯ ಸೈಬರ್ ಅಪರಾಧದ ತಾಣದಲ್ಲಿ ಲಿಖಿತ ದೂರು ದಾಖಲಿಸಬಹುದು. ಮುಂಬಯಿ ಪೋಲೀಸರ ಐದು ವಲಯಗಳಲ್ಲಿ ಸೈಬರ್ ಠಾಣೆಗಳೂ ಇವೆ. ಹಣ ಹೋದ ವ್ಯವಹಾರದ ಹನ್ನೆರಡು ಅಂಕಿಯ ನಂಬರು, ಗಿರಾಕಿಯ ಫೋನ್ ನಂಬರು, ಅವನು ಕಳುಹಿಸಿದ ಸಂದೇಶಗಳು, ಇವುಗಳನ್ನು ಸಿಟ್ಟಿನಲ್ಲಿ ಅಳಿಸಿಹಾಕದೆ ಕಾಪಾಡಿಕೊಳ್ಳಬೇಕು. ಬೇರೊಬ್ಬನ ವೇಷದಲ್ಲಿ ಹೀಗೆ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಡಿ ಕಲಮಿನಂತೆ ಮೂರು ವರ್ಷಗಳವರೆಗೆ ಸಜೆಗೆ ಗುರಿಯಾಗುವ ಅಪರಾಧ. ಠಾಣೆಯಲ್ಲಿ 'ಇದು ನಮ್ಮ ಹದ್ದಿಗೆ ಬರುವುದಿಲ್ಲ' ಎಂದು ಹೇಳಿದರೆ ಹಿಂತಿರುಗಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಂತೆ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ದಾಖಲಿಸಬಹುದು.

ಈ ದಾರಿಗೆ ದೊಡ್ಡ ಅಡ್ಡಿಯಾಗಿರುವುದು ನಮ್ಮವರ ನಾಚಿಕೆ. ನಾಲ್ವರಿಗೆ ಗೊತ್ತಾದರೆ ನಗುತ್ತಾರೆ, ಊರಿಗೆ ಸುದ್ದಿ ಹೋದರೆ ಮಾನ ಹೋಗುತ್ತದೆ ಎಂದು ಹೆಂಡತಿಗೂ ಹೇಳದೆ ನುಂಗಿಕೊಳ್ಳುವವರುಂಟು. ಜೇಬು ಕತ್ತರಿಸಿದವನು ತಲೆಯೆತ್ತಿ ನಡೆಯುವಾಗ ಕತ್ತರಿಸಿಕೊಂಡವನು ತಲೆತಗ್ಗಿಸುವುದು ಯಾವ ನ್ಯಾಯ? ಒಬ್ಬನು ಮುಚ್ಚಿಟ್ಟರೆ ಅದೇ ಬಲೆ ನಾಳೆ ಪಕ್ಕದ ಚಾಳಿನವನಿಗೆ ಕಾದಿರುತ್ತದೆ. ಮೋಸಹೋದವನನ್ನು ಹೀಯಾಳಿಸುವವರೂ ತಿಳಿಯದೆ ಕಳ್ಳನಿಗೇ ಸಹಾಯ ಮಾಡುತ್ತಿದ್ದಾರೆ.

ಎಲ್ಲ ಹೊಣೆಯನ್ನೂ ಬಡವನ ಎಚ್ಚರಿಕೆಯ ಮೇಲೆಯೇ ಹೊರಿಸುವುದನ್ನೂ ನಾವು ಒಪ್ಪಲಾರೆವು. ಮಾರಾಟದ ಆಪುಗಳನ್ನು ನಡೆಸುವ ಕಂಪೆನಿಗಳು ಜಾಹೀರಾತಿನಿಂದ ಲಾಭ ಪಡೆಯುತ್ತವೆ. ಸುಳ್ಳು ಹೆಸರಿನ ಗಿರಾಕಿಗಳನ್ನು ತಡೆಯುವ ಭಾರವನ್ನೂ ಅವು ಹೊರಬೇಕು. ಕಳ್ಳತನದ ಹಣ ಹರಿದುಹೋಗುವುದು ಬ್ಯಾಂಕುಗಳ ಖಾತೆಗಳ ಮೂಲಕವೇ. ಯಾರ ಯಾರ ಹೆಸರಿನಲ್ಲೋ ತೆರೆದ ಇಂಥ ಖಾತೆಗಳಿಗೆ ಬ್ಯಾಂಕುಗಳೂ ಉತ್ತರ ಕೊಡಬೇಕು. ಎಚ್ಚರಿಕೆಯ ಮಾತುಗಳು ದುಡಿಯುವವನು ಮನೆಯಲ್ಲಾಡುವ ಭಾಷೆಯಲ್ಲಿ ಅವನ ಕಿವಿಗೆ ಮುಟ್ಟಬೇಕು. ಈ ಬಗ್ಗೆ ಸರಕಾರವನ್ನೂ ರಿಜರ್ವ್ ಬ್ಯಾಂಕನ್ನೂ ಒತ್ತಾಯಿಸುವುದು ಕಾರ್ಮಿಕ ಸಂಘಗಳ ಕೆಲಸವಾಗಿದೆ.

ಆದರೆ ಅದುವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಹಿಂದೆ ಮುಂಬಯಿಗೆ ಬಂದ ನಮ್ಮ ಹುಡುಗರಿಗೆ ಮನಿಯಾರ್ಡರ್ ಫಾರಮು ಬರೆದುಕೊಡುವವರು, ಊರಿನ ಕಾಗದ ಓದಿ ಹೇಳುವವರು ಸಂಘದ ಖೋಲಿಯಲ್ಲಿಯೇ ಸಿಗುತ್ತಿದ್ದರು. ಇಂದಿನ ಮನಿಯಾರ್ಡರ್ ಮೊಬೈಲಿನೊಳಗಿದೆ. ಸಂಘದ ಕೆಲಸವೂ ಅಲ್ಲಿಗೆ ಹೋಗಬೇಕು. ಪ್ರತಿಯೊಂದು ಸಂಘವೂ ವಾರಕ್ಕೆ ಒಂದು ಸಂಜೆ ತನ್ನ ಖೋಲಿಯನ್ನು ಇದಕ್ಕಾಗಿ ತೆರೆದಿಡಲಿ. ಬೆಲೆಬಾಳುವ ವಸ್ತುವನ್ನು ಮಾರುವ ಸದಸ್ಯನು ತನ್ನ ಗಿರಾಕಿಯನ್ನು ಅಲ್ಲಿಗೆ ಕರೆತರಲಿ. ತಿಳಿದ ಯುವಕರಿಬ್ಬರು ಹತ್ತಿರ ಕುಳಿತು ಹಣ ಬಂದುದನ್ನು ನೋಡಿ, ಚೀಟಿ ಬರೆದು, ಸಾಕ್ಷಿ ಹಾಕಲಿ. ಪ್ರಾಮಾಣಿಕ ಗಿರಾಕಿಗೆ ಇದರಿಂದ ಯಾವ ಅಡಚಣೆಯೂ ಇಲ್ಲ. ಅಪ್ರಾಮಾಣಿಕನು ವಿಳಾಸ ಕೇಳಿದೊಡನೆ ಮಾಯವಾಗುತ್ತಾನೆ. ಮೋಸಹೋದವನಿಗೆ 1930ಕ್ಕೆ ಫೋನ್ ಮಾಡಿಸಿ, ದೂರು ಬರೆಯಿಸಿ, ಠಾಣೆಗೆ ಜತೆಯಲ್ಲಿ ಹೋಗುವ ಕೆಲಸವನ್ನೂ ಅದೇ ಯುವಕರು ವಹಿಸಿಕೊಳ್ಳಲಿ. ಇದಕ್ಕೆ ಚಂದಾ ಎತ್ತಬೇಕಾಗಿಲ್ಲ, ಕಟ್ಟಡ ಬೇಕಾಗಿಲ್ಲ. ಒಂದು ಮೇಜು, ಎರಡು ಕುರ್ಚಿ, ಸ್ವಲ್ಪ ಮನಸ್ಸು ಇದ್ದರೆ ಸಾಕು.

ಈ ಲೇಖನವನ್ನು ಓದಿದವರು ಓದಲು ಬಾರದವರಿಗೆ ಓದಿ ಹೇಳಬೇಕೆಂದೂ, ಹಣ ಪಡೆಯಲು ಪಿನ್ ಬೇಡವೆಂಬ ಒಂದು ಮಾತನ್ನು ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರೆಲ್ಲರಿಗೂ ತಿಳಿಸಬೇಕೆಂದೂ ನಮ್ಮ ವಾಚಕ ಬಂಧುಗಳಲ್ಲಿ ವಿನಂತಿ.